ಸಂಬಂಧಿಕರಿಗೆ ಕೊಡಬಾರದ ಮನೆ

ಮೂಡುಬಿದಿರೆ
೭ ಡಿಸೆಂಬರ್ ೨೦೨೫

ಮುದ್ದಿನ ವಿಸ್ಮಿತಾ,

ಹೇಗಿದ್ದೀ? ನಿನ್ನ ಮೆಸೇಜಿಗೆ ಉತ್ತರ ಕೊಡದೆ ತಿಂಗಳಾಯಿತು, ಬೈಯಬೇಡ. ಮದುವೆಯಾದಾಗಿನಿಂದ ನೆಂಟರ ಮನೆಯ ಊಟಗಳೇ ಮುಗಿಯುತ್ತಿಲ್ಲ. ಹೋದಲ್ಲೆಲ್ಲ ಕೋರಿ ರೊಟ್ಟಿ. ಜಿತೇಶ್ ಪ್ರತಿ ಸಲವೂ ಮೊದಲ ಸಲ ತಿನ್ನುವವರ ಹಾಗೆ ತಿನ್ನುತ್ತಾರೆ, ಅವರನ್ನು ನೋಡುತ್ತಾ ಕೂತರೆ ನನ್ನ ಹೊಟ್ಟೆಯೂ ತುಂಬುತ್ತದೆ. ನಗು, ಪರವಾಗಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಈ ಮನೆಯಲ್ಲಿ ಒಬ್ಬಳೇ ಕೂತು ಮಾತಾಡುವ ಮೂಲೆ ನನಗಿನ್ನೂ ಸಿಕ್ಕಿಲ್ಲ. ಶಾಲೆಯಲ್ಲಿ ದಿನಕ್ಕೊಂದು ಪೀರಿಯಡ್ ಕನ್ನಡ ಕಲಿತ ಕೈ ಇದು, ತಪ್ಪಿದ್ದರೆ ತಿದ್ದಿಕೋ.

ಬೆಳ್ತಂಗಡಿಯಲ್ಲಿ ಬಾಡಿಗೆಗೆ ಕೊಡಲೆಂದೇ ಒಂದು ಮನೆ ಕೊಳ್ಳುವ ಯೋಚನೆ ನಿನಗೂ ಶಿಶಿರ್‌ಗೂ ಉಂಟಲ್ಲ, ನೀನು ಕೇಳಿದ್ದು ಸರಿಯಾದ ಮನೆಯವರನ್ನೇ. ನಮ್ಮ ಮಾವ ಶೀನಪ್ಪನವರಿಗೆ ಇಲ್ಲಿ ಒಂದು ಸಾಲು ಬಾಡಿಗೆ ಮನೆಗಳಿವೆ. "ಡಿಸೆಂಬರಲ್ಲಿ ಎಲ್ಲ ಮನೆಯೂ ಚಂದವೇ. ಬಾವಿಯನ್ನು ಏಪ್ರಿಲಲ್ಲಿ ನೋಡ್ಲಿ, ಗೋಡೆಯನ್ನು ಜುಲೈಯಲ್ಲಿ ನೋಡ್ಲಿ. ಆಮೇಲೆ ಅಡ್ವಾನ್ಸ್ ಕೊಡ್ಲಿ," ಎಂದರು. ಬ್ರೋಕರು ಬಸ್‌ಸ್ಟ್ಯಾಂಡ್ ಹತ್ತಿರ ಎಂದರೆ ನೀವೇ ನಡೆದು ನೋಡಬೇಕಂತೆ. ಮನೆ ಖಾಲಿ ಬೀಳುವ ತಿಂಗಳುಗಳಿರುತ್ತವೆ, ಪಂಪು ಕೆಡುತ್ತದೆ. ಹಾಗಾಗಿ ಬಾಡಿಗೆಯೊಂದನ್ನೇ ನಂಬಿ ಬ್ಯಾಂಕಿನ ಕಂತು ಕಟ್ಟಲು ಹೋಗಬೇಡಿ. ಕರಾರು ಬರೆಸದೆ ಬೀಗದ ಕೈ ಕೊಡಲೇಬೇಡಿ.

"ಒಳ್ಳೆಯವರಾದರೆ?" ಎಂದೆ.

"ಒಳ್ಳೆಯವರಿಗೆ ಸಹಿ ಹಾಕ್ಲಿಕ್ಕೆ ಕೈ ನೋಯುದಿಲ್ಲ ಮಾರಾಯ್ತಿ."

ಎಲ್ಲರೂ ನಕ್ಕೆವು. ಆಮೇಲೆ ಮಾವ ಇನ್ನೊಂದು ಹೇಳಿದರು: ಯಾರಿಗೆ ಕೊಟ್ಟರೂ ಸಂಬಂಧಿಕರಿಗೆ ಮಾತ್ರ ಕೊಡಬಾರದು.

ಆ ಮಾತು ಸುಮ್ಮನೆ ಬಂದದ್ದಲ್ಲ. ಮೆಲ್ಕಾರಿನಲ್ಲಿ ಅಮ್ಮ ಬಾಡಿಗೆಗಿರುವ ಮನೆಯನ್ನು ಕೆಡವಿ ಅಂಗಡಿ ಕಟ್ಟುತ್ತಾರಂತೆ. ವರ್ಷದ ಕೊನೆಗೆ ಬಿಡಬೇಕು. ನಮ್ಮ ಸಾಲಿನಲ್ಲಿ ಒಂದು ಮನೆ ಖಾಲಿ ಇತ್ತು. ಅಮ್ಮನ ಹೊಲಿಗೆ ಮಿಷನ್ ಎಲ್ಲಿಟ್ಟರೂ ಓಡುತ್ತದೆ, ಇಲ್ಲಿಗೇ ಬಾ ಎಂದೆ. "ಎಲ್ಲರ ಹಾಗೆ ಬಾಡಿಗೆ ತೆಗೊಳ್ಳುದಾದ್ರೆ ಬರ್ತೇನೆ. ಮಗಳ ಮನೆಯಲ್ಲಿ ಧರ್ಮಕ್ಕೆ ಕೂತುಕೊಳ್ಳುವ ಜನ ಅಲ್ಲ ನಾನು," ಎಂದಳು. ಮಾವನನ್ನು ಕೇಳುವ ಮೊದಲೇ ನಾನು ಆ ಮನೆಯ ಕಿಟಕಿ ಪರದೆಗೆ ಅಳತೆಯನ್ನೂ ತೆಗೆದಿದ್ದೆ.

ಮಾವ ಒಂದು ಬಿರುಸಿನ ಮಾತೂ ಆಡಲಿಲ್ಲ. "ನಿನ್ನ ಅಮ್ಮನ ಹತ್ತಿರ ಬಾಡಿಗೆ ತೆಗೊಂಡ್ರೆ ಊರಲ್ಲಿ ನನ್ನ ಮುಖ ಉಳೀತದಾ? ತೆಗೊಳ್ಳದಿದ್ರೆ ಅವರು ಬರುದಿಲ್ಲ. ನೆಂಟರಾಗಿ ಯಾವಾಗ ಬೇಕಾದ್ರೂ ಬರ್ಲಿ, ತಿಂಗಳಿಡೀ ಇರ್ಲಿ." ಜಿತೇಶ್ ಅನ್ನ ಕಲಸುತ್ತಾ, "ಅಪ್ಪ ಹೇಳುದು ಸರಿಯೇ ಅಲ್ವಾ?" ಎಂದರು. ಇಷ್ಟೊಂದು ಗೌರವ ಕೊಟ್ಟೂ ಒಬ್ಬರನ್ನು ಹೊರಗಿಡಬಹುದೆಂದು ನನಗೆ ಗೊತ್ತಿರಲಿಲ್ಲ, ವಿಸ್ಮಿ. ಮೊನ್ನೆ ಆ ಮನೆಗೆ ಬೇರೆಯವರು ಬಂದರು.

ಇರಲಿ. ನಿಮಗೆ ಬತ್ತದ ಬಾವಿಯ ಮನೆ ಸಿಗಲಿ, ನೆಮ್ಮದಿಯ ಜನ ಬಾಡಿಗೆಗೆ ಬರಲಿ. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ
ತೃಪ್ತಿ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಮನೆ ಯಾಕೆ ಆಗಲಿಲ್ಲ ಎಂದು ಅಮ್ಮನಿಗೆ ಏನಾದರೂ ಹೇಳಬೇಕಿತ್ತು. ಮಾವ ಬೇಡ ಎಂದರೆಂದು ತಿಳಿದರೆ ಅವಳು ಇನ್ನು ಈ ಹೊಸಿಲು ತುಳಿಯುವುದಿಲ್ಲ, ಅವಳನ್ನು ನೀನೂ ಬಲ್ಲೆ. ನಾನು ತಡವರಿಸುತ್ತಿದ್ದಾಗ ಅವಳೇ ಕೇಳಿದಳು: "ಅಮ್ಮ ಬಾಡಿಗೆಯವರ ಸಾಲಿನಲ್ಲಿ ಇದ್ರೆ ನಿನಗೆ ನಾಚಿಕೆ ಆಗ್ತದಾ ಮಗಾ?"

ಅವಳು ಇಲ್ಲಿಗೆ ಬರುವುದು ನಿಲ್ಲಬಾರದು ಎಂಬ ಒಂದೇ ಆಸೆಗೆ, ಹೌದು ಎಂದೆ.

ಅಮ್ಮ, ಮಾಣಿಯಲ್ಲಿ ಒಂದು ಕೋಣೆ ನೋಡಿದ್ದೇನೆ, ಗಾಳಿ ಬೆಳಕು ಉಂಟು ಎಂದಳು. ಆಮೇಲೆ, "ಇನ್ನು ಬರುವಾಗ ಮೊದಲೇ ಫೋನ್ ಮಾಡಿ, ನಿನ್ನನ್ನು ಕೇಳಿಯೇ ಬರ್ತೇನೆ ಆಯ್ತಾ," ಎಂದಳು.