ಕೆಳಗಿರುವವರ ಹೆಬ್ಬೆಟ್ಟು

ಮನೆಯಿಂದ,
ಶನಿವಾರ, ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಕೆಮ್ಮು ಹೇಗಿದೆ? ಮೂರು ವರ್ಷದಿಂದ ಒದ್ದೆಯಲ್ಲೇ ಇದ್ದೀರಿ, ಕಡಿಮೆಯಾಗಿರಲಾರದು. ನಾವು ಚೆನ್ನಾಗಿದ್ದೇವೆ ಅಂತ ಬರೆಯಬೇಕಲ್ಲ, ಬರೆದಿದ್ದೇನೆ. ಮಗಳು ನಿಮ್ಮಷ್ಟೇ ಎತ್ತರ, ನಿಮ್ಮಷ್ಟೇ ಮೊಂಡು. ಶಾಲೆ ಬಿಟ್ಟು ನನ್ನ ಜೊತೆ ರಸ್ತೆ ಗುಡಿಸೋಕೆ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಅದಕ್ಕೇ ನಾನು ವಿಧವಾ ಪಿಂಚಣಿಗೆ ಅರ್ಜಿ ಹಾಕಲು ಹೋದದ್ದು. ಕೋಪ ಮಾಡಿಕೊಳ್ಳಬೇಡಿ.

ನಮ್ಮ ಓಣಿಯ ರೂಢಿ ನಿಮಗೆ ಗೊತ್ತೇ ಇದೆ. ಚರಂಡಿ ಗುಂಡಿಗೆ ಇಳಿದವರ ದೇಹ ಮೇಲೆ ಬರುವವರೆಗೆ ಸತ್ತರು ಅನ್ನುವ ಹಾಗಿಲ್ಲ, ಕೆಳಗಿದ್ದಾರೆ ಅನ್ನಬೇಕು. ನೀವು ಇಳಿದು ಮೇಲೆ ಬರದ ದಿನ ವಿಚಾರಿಸಲು ಬಂದ ನಗರಸಭೆ ಗುಮಾಸ್ತರಿಗೂ ಹಾಗೇ ಅಂದೆ. ಅವರು ನಿಮ್ಮನ್ನು ಕೆಲಸದಲ್ಲಿದ್ದಾರೆ ಅಂತ ಬರೆದುಕೊಂಡು, ಕಾರ್ಮಿಕರ ಭತ್ಯೆ ಪಟ್ಟಿಯಲ್ಲೇ ಉಳಿಸಿದರು. ಇದನ್ನು ಪತ್ತೆ ಹಚ್ಚಿದ್ದು ಓಣಿಯವರಿಗೆ ಅರ್ಜಿ ತುಂಬಿಕೊಡುವ ಕನ್ನಡಕದಕ್ಕ. ಅವಳ ಜೊತೆ ಕಚೇರಿಗೆ ಹೋದರೆ ಗುಮಾಸ್ತರು ತಲೆಯನ್ನೂ ಎತ್ತದೆ, "ಗಂಡ ಬದುಕಿರೋವಾಗ ಎಂಥಾ ಪಿಂಚಣಿಯಮ್ಮ? ತಿಂಗಳು ತಿಂಗಳು ಬಂದು ಹೆಬ್ಬೆಟ್ಟು ಒತ್ತಿ ಹೋಗ್ತಾನಲ್ಲ" ಅಂದರು.

ಯಾವನೋ ಕಳ್ಳ ಅಂದುಕೊಂಡೆ, ಮೈಯೆಲ್ಲ ಉರಿದುಹೋಯಿತು. ಆದರೆ ಭತ್ಯೆಯ ದುಡ್ಡು ನಿಮ್ಮ ಖಾತೆಯಲ್ಲೇ ಬಿದ್ದಿದೆ, ಯಾರೂ ಮುಟ್ಟಿಲ್ಲವಂತೆ. ಹೆಬ್ಬೆಟ್ಟು ಒತ್ತುವ ದಿನ ಅಂತ ಹೋದ ತಿಂಗಳ ಮೊದಲ ಸೋಮವಾರ ಕೆಲಸ ಬಿಟ್ಟು ಕಚೇರಿಯ ಬೆಂಚಿನ ಮೇಲೆ ಕೂತು ಕಾದೆ. ಹನ್ನೊಂದಕ್ಕೆ ನಿಮ್ಮ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಬೆರಳೊತ್ತುವ ಯಂತ್ರದಲ್ಲಿ ಹಸಿರು ದೀಪ ಹೊತ್ತಿತು. ಗುಮಾಸ್ತರು ಸೀಲು ಹೊಡೆದು ಮುಂದಿನವರನ್ನು ಕರೆದರು; ನಮ್ಮಂಥವರ ಮುಖ ನೋಡುವ ಅಭ್ಯಾಸ ಅವರಿಗೆಲ್ಲಿದೆ! ನಾನೇ ಎದ್ದು ಹೋಗಿ ನೋಡಿದೆ. ಗಾಜಿನ ಮೇಲೆ ಕಪ್ಪು ನೀರು, ಅದರಲ್ಲಿ ಎಡಗೈ ಹೆಬ್ಬೆರಳಿನ ಗುರುತು, ಅಡ್ಡಕ್ಕೆ ಗಾಯದ ಗೆರೆ. ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ನಾನಲ್ಲವೇ? ಹೆದರಿಕೆ ಆಯಿತು ರೀ, ಸುಳ್ಳು ಹೇಳುವುದಿಲ್ಲ. ಆಮೇಲೆ ಸಿಟ್ಟು ಬಂತು. ಕಚೇರಿಯವರೆಗೆ ಬರುವವರಿಗೆ ಮನೆ ದೂರವಾಯಿತೇ?

ಈ ಕಾಗದವನ್ನು ನೀವು ಇಳಿದ ಗುಂಡಿಯ ಮುಚ್ಚಳದ ತೂತಿನಿಂದ ಬಿಡುತ್ತೇನೆ. ಮಗಳ ನಮಸ್ಕಾರ. ಮೈ ಕಡೆ ಗಮನವಿರಲಿ.

ನಿಮ್ಮ
ಮನೆಯವಳು

ತಾ.ಕ.: ನಾಡಿದ್ದು ಈ ತಿಂಗಳ ಮೊದಲ ಸೋಮವಾರ. ಈ ಸಲ ಹೆಬ್ಬೆಟ್ಟು ಒತ್ತಬೇಡಿ. ಒಂದು ಸಲ ತಪ್ಪಿದರೆ ಸಾಕು, ನಿಮ್ಮ ಹೆಸರು ಪಟ್ಟಿಯಿಂದ ಹೊಡೆದುಹಾಕಿ ನನ್ನ ಅರ್ಜಿ ತೆಗೆದುಕೊಳ್ಳುತ್ತಾರಂತೆ. ನಿಮ್ಮ ಹೆಸರು ಕೂಗಿದಾಗ ನಾನೇ ಎದ್ದು, ಅವರು ಸತ್ತಿದ್ದಾರೆ ಅಂತ ಹೇಳಬೇಕು. ಒಬ್ಬಳೇ ಹೇಳುವುದಕ್ಕೆ ಆಗುವುದಿಲ್ಲ ರೀ. ಬೆಂಚಿನ ಮೇಲೆ ಪಕ್ಕದಲ್ಲಿ ಜಾಗ ಬಿಟ್ಟಿರುತ್ತೇನೆ, ಬಂದು ಕೂತಿರಿ.