ಫ್ಲೋಟಿಗೆ ಕಟ್ಟಿದ ವೈರು

ಫೆಬ್ರವರಿ 11, ಸಂಜೆ

ಇಡೀ ದಿನ ಗೋಡೆ ತೊಳೆಯುವ ಮಷಿನ್ನಿನ ಗನ್ ಹಿಡಿದು ಕೈ ಇನ್ನೂ ನಡುಗುತ್ತಿದೆ. ಅಕ್ಷರ ಕೋಳಿ ಕಾಲಾಗಿದೆ. ಇವತ್ತಿನದು ದೊಡ್ಡ ಮನೆ — ಮೂರು ಕಡೆ ಕಾಂಪೌಂಡ್, ಮುಂದೆ ಅಂಗಳ, ಎಲ್ಲ ಕಪ್ಪು ಪಾಚಿ. ನಲ್ಲಿಯಿಲ್ಲ, ಬಾವಿ ನೀರೇ ಗತಿ. ಓನರ್ ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ. ಮೈಕಾಸುರ ಎಂದು ಹೆಸರಿಟ್ಟಿದ್ದೇನೆ. ಹಿಂದಿನ ರೂಮಿನಲ್ಲಿ ಬಾಡಿಗೆಗೆ ಒಬ್ಬ ಟೇಲರಕ್ಕ, ಒಂಟಿ. ಟೀ ಕೊಟ್ಟರು. ನನ್ನ ಶರ್ಟಿನ ತೋಳು ಹರಿದದ್ದು ನೋಡಿ, ಮೈಮೇಲಿದ್ದಂತೆಯೇ ಹೊಲಿದರು. "ಅಲ್ಲಾಡಿದ್ರೆ ನಿಮ್ಮನ್ನೂ ಸೇರಿಸಿ ಹೊಲೀತೀನಿ!"

ಬಾವಿ ಕೆಲಸಕ್ಕೆ ನನ್ನ ಯಜಮಾನರದೊಂದು ಕಟ್ಟಳೆ ಇದೆ. ಬೆನ್ನು ಕೈಕೊಟ್ಟು ಮಲಗುವ ಮುಂಚೆ ನನಗೆ ಕಲಿಸಿದ್ದು. ಬಾವಿ ನೀರನ್ನು ಮೊದಲು ನಮ್ಮ ಡ್ರಮ್ಮಿಗೆ ನಿಧಾನವಾಗಿ ತುಂಬಿಸಬೇಕು, ಮಷಿನ್ ಡ್ರಮ್ಮಿನಿಂದ ಕುಡಿಯಬೇಕು. ಡ್ರಮ್ ಖಾಲಿಯಾದರೆ ನಾನೂ ಕೂರಬೇಕು, ಬಾವಿಯಲ್ಲಿ ನೀರು ಊರಬೇಕು. ಇವತ್ತು ಅಷ್ಟು ತಾಳ್ಮೆ ಯಾರಿಗಿತ್ತು? ಡ್ರಮ್ ವ್ಯಾನಿನಿಂದ ಇಳಿಸಲೇ ಇಲ್ಲ. ಮಷಿನ್ ಪೈಪನ್ನು ನೇರ ಬಾವಿ ಮೋಟರಿಗೇ ಕೊಟ್ಟೆ. ನೀರು ತಳ ಹಿಡಿದಾಗಲೆಲ್ಲ ಫ್ಲೋಟ್ ಜೋತುಬಿದ್ದು ಮೋಟರ್ ನಿಲ್ಲುತ್ತಿತ್ತು. ಮೋಟರ್ ಸುಡದಿರಲಿ ಎಂದೇ ಆ ತೇಲುವ ಬುರುಡೆ ಇರುವುದು. ಆದರೆ ಗೋಡೆಗೆ ಹೊಡೆದ ಸೋಪು ಬಿಸಿಲಿಗೆ ಒಣಗಿ ಪಟ್ಟೆಪಟ್ಟೆ... ತಲೆ ಕೆಟ್ಟುಹೋಯಿತು. ಫ್ಲೋಟನ್ನು ಮೇಲೆಳೆದು, ಬಾವಿಯೊಳಗಿನ ಕಬ್ಬಿಣದ ಮೆಟ್ಟಿಲಿಗೆ ಬೈಂಡಿಂಗ್ ವೈರಿನಿಂದ ತಲೆಕೆಳಗಾಗಿ ಕಟ್ಟಿದೆ. ಬಾವಿ ತುಂಬಿದೆ ಎಂದು ಮೋಟರ್ ನಂಬಿತು.

ತೊಳೆಯುತ್ತ ಗೇಟಿನ ಹತ್ತಿರ ಬರುವಾಗ ಕರೆಂಟ್ ಹೋಯಿತು. ಉಳಿದದ್ದನ್ನು ಬ್ರಷ್ಷಿನಲ್ಲಿ ಉಜ್ಜಿ, ಗಂಟುಮೂಟೆ ಕಟ್ಟಿ ಬಂದೆ.

"ಬಾವಿ ಹೇಗಿತ್ತು?" — ಮಲಗಿದಲ್ಲಿಂದಲೇ ಇವರು. ದಿನಾ ಕೇಳುವ ಪ್ರಶ್ನೆ.

"ಚೆನ್ನಾಗಿತ್ತು" ಅಂದೆ.

ಫೆಬ್ರವರಿ 12, ಬೆಳಿಗ್ಗೆ

ಮೈಕಾಸುರನ ಫೋನ್. ರಾತ್ರಿ ಕರೆಂಟ್ ಬಂದಿದೆ, ಮೋಟರ್ ತಾನಾಗೇ ಓಡಿದೆ, ಒಣ ಬಾವಿಯಲ್ಲಿ ಓಡಿ ಓಡಿ ಸುಟ್ಟಿದೆ. ಬೆಳಿಗ್ಗೆ ನೋಡಿದರೆ ಸ್ವಿಚ್ ಆನ್ ಇತ್ತಂತೆ.

"ನೀವು ಹೋಗುವಾಗ ಆಫ್ ಮಾಡಿದ್ರಿ ತಾನೆ?"

"ಹೂಂ ಸಾರ್, ಮಾಡಿದ್ದೆ."

ಹಾಗೇ ಬಂತು ಬಾಯಿಂದ. ಯೋಚಿಸುವಷ್ಟೂ ಪುರುಸೊತ್ತು ತೆಗೆದುಕೊಳ್ಳಲಿಲ್ಲ. ಫೋನ್ ಕೈಯಲ್ಲಿರುವಾಗಲೇ ನೆನಪಾಯಿತು. ಕರೆಂಟ್ ಹೋಗಿ ಮೋಟರ್ ಸದ್ದು ನಿಂತಿತ್ತು, ಸ್ವಿಚ್ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಫ್ಲೋಟಿನ ವೈರೂ ಬಿಚ್ಚಿರಲಿಲ್ಲ.

"ಹಾಗಾದ್ರೆ ನಮ್ಮ ಟೇಲರಮ್ಮಂದೇ ಕೆಲಸ. ದಿನಾ ಮೋಟರ್ ಹಾಕೋದು, ಆರಿಸೋದು ಅವರೇ ಅಲ್ವಾ?"

ಫೋನ್ ಇಟ್ಟೆ.

ಫೆಬ್ರವರಿ 12, ಮಧ್ಯಾಹ್ನ

ಗನ್ನಿನ ನಾಝಲ್ ಬಿಟ್ಟು ಬಂದಿದ್ದೇನೆ ಎಂದು ಇನ್ನೊಂದು ಸುಳ್ಳು ಹೇಳಿ ಅಲ್ಲಿಗೆ ಹೋದೆ. ಮೆಕ್ಯಾನಿಕ್ ಇನ್ನೂ ಬಂದಿರಲಿಲ್ಲ. ಬಾವಿಗೆ ಬಗ್ಗಿ ವೈರ್ ಬಿಚ್ಚಿ, ಫ್ಲೋಟ್ ಕೆಳಗೆ ಬಿಟ್ಟೆ. ವೈರ್ ಜೇಬಿಗೆ. ಕಳ್ಳಿಯ ಕೈ ಎಷ್ಟು ಚುರುಕು ನೋಡು!

ಹಿಂತಿರುಗಿದರೆ ಟೇಲರಕ್ಕ. ಪಕ್ಕದ ಮನೆಯಿಂದ ನೀರು ಹೊತ್ತು ತರುತ್ತಿದ್ದರು, ಎರಡೂ ಕೈಯಲ್ಲಿ ಬಿಂದಿಗೆ. ನನ್ನನ್ನು ನೋಡಿ ನಕ್ಕರು. ಅನುಮಾನದ ನೆರಳೂ ಇಲ್ಲ.

"ಸ್ವಿಚ್ ಹಾಕಿದ್ದೇ ನೆನಪಿಲ್ಲ ಕಣ್ರೀ ನಂಗೆ. ಆದ್ರೆ ನೀವು ಆಫ್ ಮಾಡಿ ಹೋಗಿದ್ದೀರಲ್ಲ. ಅಂದ್ಮೇಲೆ ನಾನೇ ಹಾಕಿರ್ಬೇಕು."

ಬಿಂದಿಗೆ ಇಳಿಸಿ ಕೈ ಒರೆಸಿಕೊಂಡರು.

"ಅಮ್ಮಂಗೂ ಹೀಗೇ ಶುರುವಾಗಿದ್ದು. ಮೊದ್ಲು ಸ್ಟವ್ ಆರಿಸೋದು ಮರೆತ್ರು. ಕೊನೆಕೊನೆಗೆ ನನ್ನೇ ಮರೆತ್ರು."

ಹೇಳಬೇಕಿತ್ತು. ಆಗಲೇ, ಅಲ್ಲೇ. ವೈರ್ ಜೇಬಿನಲ್ಲಿ ಚುಚ್ಚುತ್ತಿತ್ತು. ನಾನು ಮಾಡಿದ್ದೇನು? ಒಂದು ಬಿಂದಿಗೆ ಎತ್ತಿ ಅವರ ಬಾಗಿಲವರೆಗೆ ಹೊತ್ತುಕೊಟ್ಟೆ. ಥ್ಯಾಂಕ್ಸ್ ಬೇರೆ ಹೇಳಿಸಿಕೊಂಡೆ.

ಫೆಬ್ರವರಿ 15

ವೈರ್ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಯ ಹಿಂದೆ. ಬಿಸಾಡಲು ಹೋದೆ, ಆಗಲಿಲ್ಲ.

ಫೆಬ್ರವರಿ 21

ತೊಳೆದ ಗೋಡೆಯ ಮೇಲೆ ಕಂದು ಕಲೆ ಎದ್ದಿದೆ, ಬಂದು ನೋಡಿ ಎಂದು ಓನರ್ ಕರೆಸಿದರು. ಕಲೆ ಏಳಲೇಬೇಕಿತ್ತು. ತಳದ ಕೆಸರು ನೀರನ್ನೇ ಗೋಡೆಗೆ ಹೊಡೆದಿದ್ದೆನಲ್ಲ. ಹೊಸ ಮೋಟರ್ ಕೂತಿದೆ. "ಫ್ಲೋಟ್ ಸರಿಯಾಗೇ ಇದೆಯಂತೆ, ಯಾಕೆ ನಿಲ್ಲಿಸ್ಲಿಲ್ಲವೋ ಆ ಮೆಕ್ಯಾನಿಕ್ಕಿಗೂ ಗೊತ್ತಾಗ್ಲಿಲ್ಲ!" ಎಂದು ಓನರ್ ಇಡೀ ಬೀದಿಗೆ ಸಾರಿ ಹೊರಗೆ ಹೋದರು. ಡ್ರಮ್ ಇಳಿಸಿದೆ. ನಿಧಾನವಾಗಿ ತುಂಬಿಸಿದೆ, ಕೂತೆ, ಮತ್ತೆ ತುಂಬಿಸಿದೆ. ಇವತ್ತು ಎಲ್ಲ ಕಟ್ಟಳೆ ಪ್ರಕಾರ. ಏನು ಪ್ರಯೋಜನ?

ಟೇಲರಕ್ಕ ಟೀಗೆ ಕರೆದರು. ರೂಮಿನೊಳಗೆ ಕಾಲಿಟ್ಟು ಗಕ್ಕನೆ ನಿಂತೆ. ಸ್ಟವ್ ನಾಬ್‌ಗೆ ಕೆಂಪು ದಾರ. ಇಸ್ತ್ರಿ ಪೆಟ್ಟಿಗೆಗೆ ಕೆಂಪು ದಾರ. ಕಿಟಕಿ ಚಿಲಕಕ್ಕೆ, ಹೊರಗಿನ ಮೋಟರ್ ಸ್ವಿಚ್ಚಿಗೂ.

"ಆರಿಸಿದ ತಕ್ಷಣ ಒಂದು ದಾರ ಕಟ್ತೀನಿ. ಆಮೇಲೆ ಅನುಮಾನ ಬಂದ್ರೆ ನೋಡ್ಕೋಬಹುದಲ್ಲ." ನಾಚಿಕೊಂಡಂತೆ ಹೇಳಿದರು.

ಹೊಲಿಗೆ ಮಷಿನ್ ಮೇಲೆ ಬಟ್ಟೆ ಹೊದಿಸಿತ್ತು. ಬರೀ ಗುಂಡಿ ಹಾಕುವ, ಅಂಚು ಮಡಿಸುವ ಕೆಲಸ ಮಾತ್ರ ತೆಗೆದುಕೊಳ್ಳುತ್ತಾರಂತೆ.

"ಕತ್ತರಿ ಹಾಕೋಕೆ ಧೈರ್ಯ ಬರಲ್ಲ. ಅಳತೆ ಮರೆತು ಯಾರದೋ ಬಟ್ಟೆ ಹಾಳು ಮಾಡಿದ್ರೆ? ತಿಂಗಳ ಕೊನೆಗೆ ರೂಮ್ ಬಿಡ್ತಿದ್ದೀನಿ. ತಮ್ಮನ ಮನೆಗೆ. ಇನ್ಮೇಲೆ ಒಬ್ಬಳೇ ಇರೋದು ಬೇಡ ಅಂತಾನೆ ಅವನು."

ಟೀ ಲೋಟ ಕೆಳಗಿಟ್ಟೆ. ಒಂದು ಮೋಟರ್ ಸುಟ್ಟೆ ಅಂದುಕೊಂಡಿದ್ದೆ. ಇದು ಬೇರೆಯೇ. ನನಗೆ ನನ್ನ ಮೇಲೆ ಹೇಸಿಗೆಯಾಗುತ್ತಿದೆ.

ಫೆಬ್ರವರಿ 23

ಇವರಿಗೆ ಎಲ್ಲ ಹೇಳಿಬಿಟ್ಟೆ. ವೈರ್ ತಂದು ಹಾಸಿಗೆ ಮೇಲಿಟ್ಟೆ. ಬೈಯಲಿ ಎಂದು ಕಾದೆ. ವೈರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಗಂಟು ಮಾತ್ರ ನಾನು ಕಲಿಸಿದ ಹಾಗೇ ಹಾಕಿದ್ದೀಯ."

ಅಳು ಬಂತು, ನಗುವೂ ಬಂತು.

"ಮೋಟರ್ ವಿಷಯ ಓನರ್ ಹತ್ರ ಹೇಗೋ ಬಗೆಹರಿಸೋಣ. ಅವರು ಬೈದ್ರೆ ಬೈಸ್ಕೊಳ್ಳೋಣ. ಆದ್ರೆ ಆ ಅಕ್ಕನ ತಲೆ ಸರಿಯಾಗೇ ಇದೆ ಅಂತ ಯಾವ ಡಾಕ್ಟ್ರಿಗೂ ಹೇಳೋಕಾಗಲ್ಲ ಕಣೇ. ನಿನಗೊಬ್ಬಳಿಗೇ ಆಗೋದು."

ಫೆಬ್ರವರಿ 24, ವ್ಯಾನಿನಲ್ಲಿ

ಅವರ ಗೇಟಿನ ಮುಂದೆ ಕೂತು ಬರೆಯುತ್ತಿದ್ದೇನೆ. ಓನರ್ ಮನೆಯಲ್ಲಿಲ್ಲ, ಈಗ ಬರುತ್ತಾರಂತೆ. ಟೇಲರಕ್ಕನಿಗೆ ಹೇಳಿಯಾಯಿತು.

ಬಾಗಿಲಲ್ಲೇ ನಿಂತು ಹೇಳಿದೆ. ಸ್ವಿಚ್, ಫ್ಲೋಟ್, ಫೋನಿನಲ್ಲಿ ಹೇಳಿದ ಸುಳ್ಳು, ನಾಝಲ್ ಸುಳ್ಳು. ವೈರ್ ಕೈಗೆ ಕೊಟ್ಟೆ.

"ಅಂದ್ರೆ ಅವತ್ತು ನಾನು ಸ್ವಿಚ್ ಮುಟ್ಟೇ ಇಲ್ಲ?"

"ಮುಟ್ಟೇ ಇಲ್ಲ, ಅಕ್ಕ."

"ನಾನು ಅಮ್ಮನ ಕಥೆ ಹೇಳ್ದಾಗ... ಆಗ ನಿಮಗೆ ಗೊತ್ತಿತ್ತು."

"ಹೂಂ."

ಒಳಗೆ ಹೋದರು. ದೊಡ್ಡ ಕತ್ತರಿ ಹಿಡಿದು ಬಂದರು. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಹಿಂದೆ ಸರಿದೆ. ಅವರು ನನ್ನತ್ತ ನೋಡಲೂ ಇಲ್ಲ. ಸ್ಟವ್ ದಾರ ಕತ್ತರಿಸಿದರು. ಇಸ್ತ್ರಿಯದು. ಚಿಲಕದ್ದು. ಕೈ ಒಂದಿಷ್ಟೂ ನಡುಗಲಿಲ್ಲ. ಕ್ಷಮಿಸಿ ಎಂದೆ. ಹೊರಗೆ ಬಂದು ಮೋಟರ್ ಸ್ವಿಚ್ಚಿನ ಮುಂದೆ ನಿಂತರು. ಕತ್ತರಿ ನನ್ನ ಕೈಗೆ ಕೊಟ್ಟರು.

"ಈ ದಾರ ಇರ್ಲಿ. ಓನರ್ ಬರ್ಲಿ. ಅವರ ಮುಂದೆ ನೀವೇ ಕತ್ತರಿಸಿ."

ಕತ್ತರಿ ಈಗ ನನ್ನ ತೊಡೆಯ ಮೇಲಿದೆ. ಅವರು ಮೆಟ್ಟಿಲ ಮೇಲೆ ಕೂತಿದ್ದಾರೆ, ಮಡಿಲಲ್ಲಿ ವೈರ್. ಮೊದಲ ಮಾತು ಏನೆಂದು ಶುರುಮಾಡಲಿ — ಸಾರ್, ಅವತ್ತು ಫೋನಿನಲ್ಲಿ ನಾನು...

ಬೀದಿ ತಿರುವಿನಲ್ಲೇ ಮೈಕಾಸುರನ ಗಂಟಲು ಕೇಳಿಸುತ್ತಿದೆ. ಬಂದರು. ಟೇಲರಕ್ಕ ಎದ್ದು ನಿಂತರು. ನಾನೂ ಕತ್ತರಿ ಹಿಡಿದು ಇಳಿಯುತ್ತಿದ್ದೇನೆ.