ಬೇಡಿಕೆ ಎಂದರೆ ಬೇಡ ಎಂದಲ್ಲ

ಔಷಧ ಸರಬರಾಜಿನ ಹೊಣೆ ಹೊತ್ತ ಹಿರಿಯ ಅಧಿಕಾರಿಗಳೇ,

ನಮ್ಮ ಆರೋಗ್ಯ ಕೇಂದ್ರಕ್ಕೆ ಐದು ತಿಂಗಳಿಂದ ನೀವು ಮೂರ್ಛೆರೋಗದ ಮಾತ್ರೆ ಕಳಿಸಿಲ್ಲ. ಬದಲಿಗೆ ಕಳೆದ ವಾರ ಪ್ರಶಂಸಾಪತ್ರ ಕಳಿಸಿದ್ದೀರಿ. ಕಾಗದ ದಪ್ಪಗಿದೆ, ಅಂಚಿಗೆ ಹೊಂಬಣ್ಣವಿದೆ. ನನ್ನ ಹೆಂಡತಿ ದಿನಕ್ಕೆರಡು ಸಲ ನುಂಗಬೇಕಾದದ್ದು ಮಾತ್ರೆ. ಪ್ರಶಂಸಾಪತ್ರವನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ ಊಟವಾದ ಮೇಲೋ ಎಂದು ಅದರಲ್ಲಿ ನಮೂದಿಸಿಲ್ಲವಾದ್ದರಿಂದ ತಮ್ಮನ್ನೇ ಕೇಳೋಣವೆಂದು ಈ ಪತ್ರ.

ನಾನು ಸರ್ಕಾರಿ ಕಚೇರಿಯ ಜಗಲಿಯಲ್ಲಿ ಕುಳಿತು ಜನರಿಗೆ ಅರ್ಜಿ ಬರೆದುಕೊಡುವವನು. ಮೂವತ್ತೊಂದು ವರ್ಷದಿಂದ ಇದೇ ಕಸುಬು. 'ಸದರಿ', 'ಮೇಲ್ಕಂಡ', 'ತಮ್ಮ ಘನ ಅವಗಾಹನೆಗೆ' ಎಂಬ ಮಾತುಗಳೇ ನನಗೆ ಅನ್ನ ಹಾಕಿದವು. ಊರವರ ಕಷ್ಟವನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಟ್ಟವನು ನನ್ನ ಕಷ್ಟ ಬರೆಯಲು ಕೂತರೆ ಮೊದಲ ಸಾಲಿಗೇ 'ಸದರಿ ಹೆಂಡತಿ' ಎಂದು ಬಂತು. ಹೊಡೆದುಹಾಕಿ ಮತ್ತೆ ಶುರುಮಾಡಿದ್ದೇನೆ.

ನಡೆದದ್ದು ಇಷ್ಟು. ಕೇಂದ್ರದ ಕಿಟಕಿಯಲ್ಲಿ ಔಷಧ ಕೊಡುವ ಹೆಣ್ಣುಮಗಳನ್ನು ನಾವೆಲ್ಲ ಮಾತ್ರೆ ಅಕ್ಕ ಎನ್ನುತ್ತೇವೆ. ತಿಂಗಳಿಗೊಮ್ಮೆ ಆಕೆ ಕಂಪ್ಯೂಟರಿನಲ್ಲಿ ನಿಮ್ಮ ನಮೂನೆ ತುಂಬುತ್ತಾಳೆ. ಅದರಲ್ಲಿ 'ಕಳೆದ ತಿಂಗಳ ಬಳಕೆ' ಎಂಬ ಒಂದು ಕಲಂ ಇದೆ. ಅಲ್ಲಿ ಎಷ್ಟು ಬರೆದರೆ ಅಷ್ಟನ್ನೇ ಯಂತ್ರವು ಮುಂದಿನ ತಿಂಗಳ 'ಬೇಡಿಕೆ' ಎಂದು ತಾನೇ ತುಂಬಿಕೊಳ್ಳುತ್ತದೆ. ಕೈಯಿಂದ ತಿದ್ದುವಂತಿಲ್ಲ. ಒಂದು ತಿಂಗಳು ನಿಮ್ಮ ಲಾರಿ ಕೆಟ್ಟು ನಿಂತಿತು, ಮಾತ್ರೆ ಬರಲಿಲ್ಲ. ಬಾರದ ಮಾತ್ರೆಯನ್ನು ಯಾರೂ ಒಯ್ಯಲಿಲ್ಲ. ಮಾತ್ರೆ ಅಕ್ಕ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಬಳಕೆ ಸೊನ್ನೆ ಎಂದು ಬರೆದಳು. ಯಂತ್ರ ಬೇಡಿಕೆ ಸೊನ್ನೆ ಎಂದಿತು. ಲಾರಿ ರಿಪೇರಿಯಾಗಿ ಬಂತು, ಮಾತ್ರೆ ಬರಲಿಲ್ಲ. ಆ ತಿಂಗಳೂ ಬಳಕೆ ಸೊನ್ನೆ. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಕಂಪ್ಯೂಟರಿಗೂ ಕಲಿಸಿದ ಜಾಣರು ಯಾರು ಸ್ವಾಮಿ? ಅವರಿಗೂ ಒಂದು ಪ್ರಶಂಸಾಪತ್ರ ಹೋಯಿತೇ?

ಪಕ್ಕದೂರಿನ ಕೇಂದ್ರಕ್ಕೂ ಆ ತಿಂಗಳು ಅದೇ ಲಾರಿ ಬರಲಿಲ್ಲ. ಆದರೆ ಅಲ್ಲಿ ಔಷಧ ಕೊಡುವಾತ ಏಳು ಕೆರೆಯ ನೀರು ಕುಡಿದವನು. ಇಲ್ಲದ ಮಾತ್ರೆಯನ್ನು ಆರುನೂರು ಹಂಚಿದೆನೆಂದು ಬರೆದ. ಮರುತಿಂಗಳು ಆರುನೂರು ಬಂದವು. ಖಾಲಿ ಕಪಾಟಿನಿಂದ ಆರುನೂರು ಹೇಗೆ ಹಂಚಿದೆಯಪ್ಪಾ ಎಂದು ಯಂತ್ರ ಕೇಳಲಿಲ್ಲ, ಅದಕ್ಕೆ ಕಲಂ ಇಲ್ಲ. ನಿಜ ಬರೆದ ಊರಿಗೆ ಸೊನ್ನೆ, ಸುಳ್ಳು ಬರೆದ ಊರಿಗೆ ಮಾತ್ರೆ. ಇದನ್ನೇ ತಾವು ಸರಬರಾಜು ವ್ಯವಸ್ಥೆಯ ಬಲವರ್ಧನೆ ಎಂದು ಕರೆಯುವುದಾದರೆ, ಬಲ ಯಾರಿಗೆ ಬಂತೆಂದು ನೀವೇ ಹೇಳಿ.

ನನ್ನ ಹೆಂಡತಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಒಂಬತ್ತು ವರ್ಷದಿಂದ ಅವಳಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಮನೆಯಲ್ಲಿದ್ದ ಮಾತ್ರೆಯನ್ನು ಮುರಿದು ಅರ್ಧರ್ಧ ನುಂಗಿದಳು, ಅದೂ ಮುಗಿಯಿತು. ಔಷಧದಂಗಡಿಯವನನ್ನು ಕೇಳಿದರೆ, ಸರ್ಕಾರ ಪುಕ್ಕಟೆ ಕೊಡುವುದನ್ನು ತಾನು ತರಿಸಿದರೆ ಕೊಳ್ಳುವವರು ಯಾರು ಎಂದ. ಮಾತ್ರೆ ಮುಗಿದ ಮೂರನೆಯ ವಾರ, ಒಂದು ಮಧ್ಯಾಹ್ನ, ನಾನು ಜಗಲಿಯಲ್ಲಿ ಯಾರದೋ ನಲ್ಲಿಗೆ ನೀರು ಬಾರದ ಬಗ್ಗೆ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತಿದ್ದಾಗ ಪಕ್ಕದ ಮನೆಯಾಕೆ ಓಡಿಬಂದರು. ಮನೆಗೆ ಹೋಗಿ ನೋಡಿದರೆ ಇವಳು ನೆಲದಲ್ಲಿದ್ದಳು. ಎಡ ಅಂಗೈ ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕಿತ್ತು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಅಳು ನಿಂತಿದೆ. ಕೇಂದ್ರದಲ್ಲಿ ಸುಟ್ಟ ಗಾಯದ ಮುಲಾಮು ಇತ್ತು, ಯಾಕೆಂದರೆ ಹಿಂದಿನ ತಿಂಗಳು ಯಾರೋ ಪುಣ್ಯಾತ್ಮರು ಕೈ ಸುಟ್ಟುಕೊಂಡಿದ್ದರು.

ಮಾತ್ರೆ ಅಕ್ಕನ ಪರವಾಗಿ ನಿಮಗೊಂದು ಮನವಿ ಬರೆದೆ. 'ಸದರಿ ಕೇಂದ್ರದಲ್ಲಿ ಸದರಿ ಮಾತ್ರೆಗೆ ಬೇಡಿಕೆ ಇರುವುದಿಲ್ಲ' ಎಂದು ಉತ್ತರ ಬಂತು. ಹಿಂದೆಯೇ ಬಂದದ್ದು ಈ ಪ್ರಶಂಸಾಪತ್ರ, ಮೂರ್ಛೆರೋಗವನ್ನು ಶೂನ್ಯಕ್ಕೆ ಇಳಿಸಿದ ಸಾಧನೆಗಾಗಿ. ಅಕ್ಕ ಅದನ್ನು ನಮ್ಮ ಮನೆಗೇ ತಂದು ತೋರಿಸಿದಳು. ಹೆಂಡತಿ ಬಲಗೈಯಲ್ಲಿ ಹಿಡಿದು ಎರಡು ಸಲ ಓದಿದಳು.

"ಅಂದ್ರೆ ನಂಗೆ ವಾಸಿಯಾಗಿದೆ. ನಂಗೇ ಗೊತ್ತಾಗ್ಲಿಲ್ಲ ನೋಡಿ" ಎಂದಳು.

ಮಾನ್ಯರೇ, ಬೇಡಿಕೆ ಎಂಬ ಮಾತು ಬೇಡು ಎಂಬುದರಿಂದ ಬಂದದ್ದು. ಕಿಟಕಿಯ ಮುಂದೆ ನಿಂತು ಕೈಚಾಚಿದರೆ ಅದು ಬೇಡಿಕೆ, ಸಿಕ್ಕರೂ ಬೇಡಿಕೆ, ಸಿಗದಿದ್ದರೂ ಬೇಡಿಕೆ. ನಿಮ್ಮ ಕಚೇರಿ ಆ ಪದದಲ್ಲಿ ಮೊದಲೆರಡು ಅಕ್ಷರ ಮಾತ್ರ ಓದಿ, ಅದೂ ತಪ್ಪಾಗಿ ಓದಿ, 'ಬೇಡ' ಎಂದು ತಿಳಿದುಕೊಂಡಿದೆ.

ಈಗ ಮನೆಯಲ್ಲಿ ಇಪ್ಪತ್ತೆರಡು ಮಾತ್ರೆ ಇವೆ. ಪಕ್ಕದೂರಿನ ಆ ಸುಳ್ಳುಗಾರ ಪುಣ್ಯಾತ್ಮ ಕೊಟ್ಟವು. ದಿನಕ್ಕೆರಡರಂತೆ ಹನ್ನೊಂದು ದಿನಕ್ಕೆ ಸಾಕು. ಹನ್ನೆರಡನೆಯ ದಿನವೇ ಮಾತ್ರೆ ಅಕ್ಕ ನಿಮ್ಮ ನಮೂನೆ ತುಂಬುವ ದಿನ. ನಿನ್ನೆ ಆಕೆ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ಈ ಸಲ ನಾನೂ ಒಂದು ಸುಳ್ಳು ಬರೆದುಬಿಡ್ಲಾ?"

ಆಕೆಯ ಆ ಪ್ರಶ್ನೆಯನ್ನು ನಿಮ್ಮ ಮೇಜಿಗೆ ಕಳಿಸುತ್ತಿದ್ದೇನೆ. ನಾನು ಕೇಳುವುದು ನಮೂನೆಯಲ್ಲಿ ಇನ್ನೊಂದೇ ಕಲಂ: 'ಕೇಳಿ ಬರಿಗೈಯಲ್ಲಿ ಹೋದವರು'. ಹನ್ನೊಂದು ದಿನದೊಳಗೆ ಆ ಕಲಂ ಬರಲಿ, ಅದರ ಜೊತೆ ಮಾತ್ರೆಯೂ ಬರಲಿ. ಇಲ್ಲವಾದರೆ ನಮ್ಮೂರಿನ ಮೊದಲ ಸುಳ್ಳನ್ನು ಅಕ್ಕನ ಪಕ್ಕದಲ್ಲಿ ಕೂತು ನಾನೇ ಹೇಳಿ ಬರೆಸುತ್ತೇನೆ.

ಪ್ರಶಂಸಾಪತ್ರವನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ನಮ್ಮಲ್ಲಿ ಅದರ ಬಳಕೆ ಸೊನ್ನೆ. ತಮ್ಮದೇ ನಿಯಮದಂತೆ ಇನ್ನೊಂದು ಕಳಿಸುವ ಅಗತ್ಯವಿಲ್ಲ.

ಇಂತಿ,
ತಮ್ಮ ಕಡತದಲ್ಲಿ ವಾಸಿಯಾದವಳ ಗಂಡ